ಚಡಾವಿನಲ್ಲಿ ಸೋಲುವ ಜೀಪು: ಪಂಪು ಬಿಚ್ಚುವ ಮೊದಲು ಇಷ್ಟು ನೋಡಿ

ಪೂರ್ತಿ ಕೆಟ್ಟು ನಿಂತ ಗಾಡಿಯಿಂದ ಅಷ್ಟು ಕಷ್ಟ ಇಲ್ಲ. ಗ್ಯಾರೇಜಿಗೆ ಎಳೆಸಿಕೊಂಡು ಹೋದರೆ ಎಲ್ಲಿ ಕೆಟ್ಟಿದೆ ಅಂತ ಹುಡುಕಲಿಕ್ಕೆ ಆಗುತ್ತದೆ. ಕಷ್ಟ ಇರುವುದು ಒಮ್ಮೆ ಸರಿ ಇದ್ದು ಇನ್ನೊಮ್ಮೆ ಕೈಕೊಡುವ ಗಾಡಿಯಿಂದ. ಅಡಿಕೆ ಗೋಣಿ ಹೇರಿಕೊಂಡು ಚಡಾವು ಹತ್ತುವಾಗ ಇದ್ದಕ್ಕಿದ್ದಂತೆ ಎಳೆತ ಇಳಿಯುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಅಷ್ಟೇ. ಗೇರು ಇಳಿಸಿ ಹೇಗೋ ಮೇಲೆ ಮುಟ್ಟಿಸಿದರೆ ಆಮೇಲೆ ಏನೂ ಆಗದ ಹಾಗೆ ಓಡುತ್ತದೆ. ಮರುದಿನ ಗ್ಯಾರೇಜಿಗೆ ಒಯ್ದರೆ ಅಲ್ಲಿ ಅದಕ್ಕೆ ಯಾವ ರೋಗವೂ ಇಲ್ಲ!

ಪೇಟೆಯವರಿಗೆ ಇದು ಬರೇ ಕಿರಿಕಿರಿ. ಗುಡ್ಡೆಯ ಮೇಲೋ ಕಣಿವೆಯ ತಳದಲ್ಲೋ ಮನೆ ಮಾಡಿಕೊಂಡ ನಮಗೆ ಹಾಗಲ್ಲ. ರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಡಾಮರು ರಸ್ತೆ ಮುಟ್ಟಿಸಬೇಕಾದ್ದು ಇದೇ ಜೀಪು. ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬಂದಿರುವುದಿಲ್ಲ. ಚಡಾವಿನಲ್ಲಿ ಇಂಜಿನ್ ಪೂರ್ತಿ ಬಂದ್ ಆದರೆ ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮ್ ಎರಡು ಮೂರು ಸಲ ತುಳಿಯುವಷ್ಟಕ್ಕೆ ಮಾತ್ರ ಉಳಿದಿರುತ್ತದೆ. ಆಮೇಲೆ ಪೆಡಲು ಕಲ್ಲಿನ ಹಾಗೆ. ಪವರ್ ಸ್ಟಿಯರಿಂಗ್ ಇದ್ದರೆ ಅದೂ ಗಟ್ಟಿಯಾಗುತ್ತದೆ. ಹಿಂದೆ ಗೋಣಿ, ಗೋಣಿಯ ಮೇಲೆ ಕೆಲಸದವರು. ಆದ್ದರಿಂದ ತೊಂದರೆ ಗೊತ್ತಾಗುವ ತನಕ ಗಾಡಿಯಲ್ಲಿ ಎರಡು ಮರದ ಅಡೆ ಇಟ್ಟುಕೊಳ್ಳಿ, ಹೇರಿನ ಮೇಲೆ ಜನ ಕೂರಿಸುವುದನ್ನು ಬಿಡಿ.

ನಮ್ಮ ನೆರೆಯ ಕೃಷಿಕರೊಬ್ಬರ ಹಳೇ ಡೀಸೆಲ್ ಜೀಪಿಗೆ ಇದೇ ರೋಗ ಬಂದಿತ್ತು. ಮೊದಲು ಫಿಲ್ಟರ್ ಬದಲಿಸಿದರು. ಆಮೇಲೆ ನೋಜಲುಗಳನ್ನು ಬಿಚ್ಚಿ ಕೆಲಸ ಮಾಡಿಸಿದರು. ಮತ್ತೆ ಇಂಜೆಕ್ಷನ್ ಪಂಪನ್ನೇ ಇಳಿಸಿ ಪೇಟೆಗೆ ಕಳಿಸಿದರು. ಪಂಪು ರಿಪೇರಿ ಎಂದರೆ ಒಂದು ವಾರ ಗಾಡಿ ಇಲ್ಲ, ಬಿಲ್ಲು ಸಾವಿರಗಳ ಲೆಕ್ಕದಲ್ಲಿ. ಜೋಡಿಸಿ ತಂದ ಹದಿನೈದೇ ದಿನಕ್ಕೆ ಅದೇ ಚಡಾವಿನಲ್ಲಿ, ಅದೇ ತಿರುವಿನಲ್ಲಿ ಜೀಪು ಮತ್ತೆ ಸೋತಿತು. ಪಂಪನ್ನು ಎರಡನೇ ಸಲ ಇಳಿಸಿದ್ದೂ ಆಯ್ತು. ರೋಗ ಎಲ್ಲಿತ್ತು ಅಂತ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಇಷ್ಟೆಲ್ಲ ಬಿಚ್ಚಿ ಜೋಡಿಸಿದ ನುರಿತ ಕೈಗಳಿಗೆ ಅದು ಯಾಕೆ ಕಾಣಲಿಲ್ಲ ಎಂಬುದನ್ನು ತಿಳಿದುಕೊಳ್ಳಬೇಕು.

ಗ್ಯಾರೇಜಿನ ಅಂಗಳದಲ್ಲಿ ರೋಗ ಯಾಕೆ ಕಾಣದು?

ನಿಂತಲ್ಲೇ ಸ್ಲೋ ಆಗಿ ಓಡುವ ಜೀಪಿನ ಇಂಜಿನ್ನಿಗೆ ಗಂಟೆಗೆ ಒಂದು ಲೀಟರ್ ಡೀಸೆಲ್ ಕೂಡ ಬೇಡ. ಅದೇ ಇಂಜಿನ್ ಹೇರು ಹೊತ್ತು ಪೂರ್ತಿ ಆಕ್ಸಿಲರೇಟರಿನಲ್ಲಿ ಚಡಾವು ಹತ್ತುವಾಗ ಅದರ ಹತ್ತು ಪಟ್ಟಿಗೂ ಹೆಚ್ಚು ಕೇಳುತ್ತದೆ. ಅರ್ಧ ಕಟ್ಟಿದ ಪೈಪಿನಲ್ಲಿ ಒಂದು ಲೀಟರ್ ಸಲೀಸಾಗಿ ಬರುತ್ತದೆ, ಹತ್ತು ಲೀಟರ್ ಬರುವುದಿಲ್ಲ. ತೋಟದ ಪೈಪಿಗೆ ಒಂದು ಜೆಟ್ ಕಟ್ಟಿದರೆ ಚೆನ್ನಾಗಿಯೇ ಹಾರುತ್ತದೆ, ಎಂಟು ಜೆಟ್ ಬಿಟ್ಟಾಗ ಮಾತ್ರ ಫುಟ್‌ವಾಲ್ವಿನಲ್ಲಿ ಸಿಕ್ಕಿಕೊಂಡ ತರಗೆಲೆ ನೆನಪಾಗುತ್ತದೆಯಲ್ಲ, ಹಾಗೆ.

ಅಂದರೆ ಸಮತಟ್ಟು ಅಂಗಳದಲ್ಲಿ ಬಾನೆಟ್ ಎತ್ತಿ ರೇಸ್ ಮಾಡಿ ನೋಡಿದರೆ ಈ ರೋಗ ಕಾಣಿಸುವುದಿಲ್ಲ. ಮೆಕ್ಯಾನಿಕರು ಊಹೆ ಮಾಡಬೇಕಾಗುತ್ತದೆ. ಊಹೆಗೆ ನಿಂತರೆ ಒಂದೊಂದೇ ಸಾಮಾನು ಬದಲಾಗುತ್ತದೆ. ಇದರಲ್ಲಿ ಅವರ ತಪ್ಪು ಎನ್ನುವುದಕ್ಕಿಂತ ನಾವು ಅವರಿಗೆ ಕೊಡುವ ಮಾಹಿತಿ ಕಡಿಮೆ ಎನ್ನಬೇಕು. "ಪುಲ್ಲಿಂಗ್ ಇಲ್ಲ ಮಾರಾಯ್ರೆ, ನೋಡಿ ಒಮ್ಮೆ" ಅಂತ ಗಾಡಿ ಬಿಟ್ಟು ಸಂತೆಗೆ ಹೋದರೆ ಅವರಾದರೂ ಏನು ಮಾಡಿಯಾರು?

ರೋಗ ಬಂದ ಹೊತ್ತಿಗೆ ಗಾಡಿಯಲ್ಲಿ ಇರುವವರು ನಾವು. ನೋಡಬೇಕಾದವರೂ ನಾವೇ. ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ಪುಸ್ತಕ ಇಡಿ. ಹೀಗೆ ಬರೆದರೆ ಸಾಕು: "ಗುರುವಾರ ಸಂಜೆ. ಟ್ಯಾಂಕು ಕಾಲು ಭಾಗ. ಆರು ಗೋಣಿ. ಸಂಕ ಕಳೆದು ಎರಡನೇ ತಿರುವು. ಹೊಗೆ ಇಲ್ಲ. ನಿಲ್ಲಿಸಿ ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದ್ದಕ್ಕೆ ಸರಿಯಾಯ್ತು." ಇಂಥ ನಾಲ್ಕು ಟಿಪ್ಪಣಿ ಸೇರಿದರೆ ಅರ್ಧ ರೋಗ ಗೊತ್ತಾದ ಹಾಗೆ. ಟ್ಯಾಂಕಿನಲ್ಲಿ ಎಷ್ಟಿತ್ತು ಮತ್ತು ಹೇಗೆ ಸರಿಯಾಯ್ತು, ಈ ಎರಡನ್ನು ಮಾತ್ರ ಬಿಡಲೇ ಬಾರದು.

ಇಂಜಿನ್ನೇ ಸೋತದ್ದು ಹೌದೋ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಇಂಜಿನ್ನಿನ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ ಎಂದಾದರೆ ಅದು ಕ್ಲಚ್ಚು. ಗಾಡಿ ಭಾರ ಅನ್ನಿಸಿದಾಗ ಇಳಿದು ನಾಲ್ಕೂ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕು ಕಚ್ಚಿದೆ. ಇವೆರಡೂ ಅಲ್ಲ, ಸದ್ದು ಗಾಡಿ ಎರಡೂ ಒಟ್ಟಿಗೆ ಇಳಿಯುತ್ತವೆ ಎಂದಾದರೆ ಮುಂದೆ ಓದಿ.

ಹೊಗೆ ಹೇಳುವ ಸಾಕ್ಷಿ

ಡೀಸೆಲ್ ಇಂಜಿನ್ನಿಗೆ ಬೇಕಾದ್ದು ಮೂರು. ಡೀಸೆಲ್, ಗಾಳಿ ಮತ್ತು ಅದನ್ನು ಅದುಮುವ ಕಂಪ್ರೆಶನ್. ಕಂಪ್ರೆಶನ್ ಹೋದರೆ ದಿನವೂ ಹೋಗಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಕಷ್ಟ. ಅದು ಸೋಮವಾರ ಹೋಗಿ ಮಂಗಳವಾರ ತಿರುಗಿ ಬರುವ ಸೊತ್ತಲ್ಲ. ಆದ್ದರಿಂದ ಬಂದು ಹೋಗುವ ರೋಗಕ್ಕೆ ಉಳಿದದ್ದು ಡೀಸೆಲ್ ಮತ್ತು ಗಾಳಿ. ಈಗಿನ ಹೊಸ ಗಾಡಿಗಳಲ್ಲಾದರೆ ಅವೆರಡನ್ನು ಆಳುವ ಕಂಪ್ಯೂಟರು.

ಇವೆರಡರಲ್ಲಿ ಯಾವುದು ಕಡಿಮೆಯಾಯ್ತು ಎನ್ನುವುದನ್ನು ಹೊಗೆ ಹೇಳುತ್ತದೆ. ಬಲ ಇಳಿಯುವಾಗ ಹಿಂದೆ ಕಪ್ಪು ಹೊಗೆ ಮುಚ್ಚಿಕೊಂಡು ಬಂದರೆ, ಡೀಸೆಲ್ ಬರುತ್ತಾ ಇದೆ, ಅದನ್ನು ಉರಿಸುವಷ್ಟು ಗಾಳಿ ಬರುತ್ತಿಲ್ಲ. ಬಲ ಇಳಿಯುವಾಗ ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಬರುತ್ತಿಲ್ಲ. ಬಿಸಿಯಾದ ಇಂಜಿನ್ ಬಿಳಿ ಹೊಗೆ ಉಗುಳಿ ಕುಟ್ಟುತ್ತಾ ಜರ್ಕ್ ಹೊಡೆದರೆ ಡೀಸೆಲಿನೊಟ್ಟಿಗೆ ನೀರೋ ಗಾಳಿಯೋ ಸೇರಿದೆ ಎಂದು ಸಂಶಯಿಸಬಹುದು. ಓಡಿಸುವವರಿಗೆ ಇದು ಕಾಣುವುದಿಲ್ಲ. ಕನ್ನಡಿಯಲ್ಲಿ ಸ್ವಲ್ಪ ಕಂಡೀತು. ಹಿಂದಿನಿಂದ ಬೈಕಿನಲ್ಲಿ ಯಾರಾದರೂ ಬಂದರೆ ಒಳ್ಳೆಯದು.

ಹೊಗೆ ಇಲ್ಲದೆ ಸೋತರೆ

ನನ್ನ ಅನುಭವದಲ್ಲಿ ತೋಟದ ಗಾಡಿಗಳಲ್ಲಿ ಹೆಚ್ಚಿನವು ಈ ಗುಂಪಿಗೇ ಸೇರುತ್ತವೆ. ಕಾರಣವೂ ಇದೆ. ನಾವು ಕ್ಯಾನಿನಲ್ಲಿ ಡೀಸೆಲ್ ತಂದು ಸುರಿಯುತ್ತೇವೆ, ಕೆಟ್ಟ ರಸ್ತೆಯಲ್ಲಿ ಕುಲುಕಿಸುತ್ತೇವೆ, ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ತೆಗೆಯುವುದಿಲ್ಲ.

ಡೀಸೆಲ್ ಬರುವ ದಾರಿ ನೆನಪಿಟ್ಟುಕೊಳ್ಳಿ. ಟ್ಯಾಂಕಿನೊಳಗೆ ಒಂದು ಹೀರುವ ನಳಿಗೆ, ಅದರ ತುದಿಗೆ ಜಾಳಿಗೆ. ಅಲ್ಲಿಂದ ಉದ್ದದ ಪೈಪು, ನೀರು ಬೇರೆ ಮಾಡುವ ಬಟ್ಟಲು, ಫೀಡ್ ಪಂಪು. ಫೀಡ್ ಪಂಪಿನ ನಂತರ ಫಿಲ್ಟರ್, ಇಂಜೆಕ್ಷನ್ ಪಂಪು, ನೋಜಲು. ಕೆಲವು ಗಾಡಿಗಳಲ್ಲಿ ಕ್ರಮ ಸ್ವಲ್ಪ ಹಿಂದೆ ಮುಂದೆ ಇರಬಹುದು. ಫೀಡ್ ಪಂಪಿನಿಂದ ಮುಂದೆ ಡೀಸೆಲಿಗೆ ಒತ್ತಡ ಇದೆ. ಅಲ್ಲಿ ಎಲ್ಲಿ ಲೀಕ್ ಇದ್ದರೂ ಡೀಸೆಲ್ ಹೊರಗೆ ಜಿನುಗಿ ಧೂಳು ಹಿಡಿದು ತೋರಿಸಿಕೊಡುತ್ತದೆ. ಫೀಡ್ ಪಂಪಿನಿಂದ ಹಿಂದೆ ಇರುವುದು ಹೀರುವಿಕೆ. ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ಪೈಪು ಒಣಗಿ ಸ್ವಚ್ಛವಾಗಿಯೇ ಇರುತ್ತದೆ. ಬಾವಿಯ ಪಂಪಿನ ಸಕ್ಷನ್ ಪೈಪು ಗಾಳಿ ಎಳೆದು ನೀರು ಬಿಟ್ಟು ಹೋಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿಯ ಗುಳ್ಳೆ ಇಂಜೆಕ್ಷನ್ ಪಂಪಿಗೆ ಹೋದರೆ ಪಂಪು ಡೀಸೆಲಿನ ಬದಲು ಗಾಳಿಯನ್ನು ಅದುಮುತ್ತದೆ. ಗಾಳಿ ಸ್ಪಂಜಿನ ಹಾಗೆ ಕುಗ್ಗುತ್ತದೆ, ನೋಜಲು ತೆರೆದುಕೊಳ್ಳುವುದೇ ಇಲ್ಲ.

ಈಗ ಪುಸ್ತಕದ ಟಿಪ್ಪಣಿ ತೆಗೆಯಿರಿ.

ಟ್ಯಾಂಕು ತುಂಬಿದ್ದಾಗ ರೋಗ ಇಲ್ಲ, ಅರ್ಧಕ್ಕೆ ಇಳಿದ ಮೇಲೆ ಶುರು ಎಂದಾದರೆ ಟ್ಯಾಂಕಿನೊಳಗಿನ ನಳಿಗೆಯಲ್ಲಿ ತುಕ್ಕಿನ ತೂತೋ ಬಿರುಕೋ ಇರಬಹುದು. ಡೀಸೆಲ್ ಮಟ್ಟ ತೂತಿಗಿಂತ ಮೇಲೆ ಇರುವ ತನಕ ತೂತೂ ಡೀಸೆಲನ್ನೇ ಹೀರುತ್ತದೆ. ಮಟ್ಟ ಕೆಳಗಾದ ಕೂಡಲೇ ಗಾಳಿ. ಚಡಾವಿನಲ್ಲಿ ಡೀಸೆಲ್ ಟ್ಯಾಂಕಿನ ಹಿಂಬದಿಗೆ ಸರಿಯುವುದರಿಂದ ಅಲ್ಲಿ ಬೇಗ ಗೊತ್ತಾಗುತ್ತದೆ, ಸಮತಟ್ಟಿಗೆ ಬಂದಾಗ ತಾನೇ ಸರಿಯಾಗುತ್ತದೆ.

ಅರ್ಧ ಗಂಟೆ ಓಡಿದ ಮೇಲೆ ಮೆಲ್ಲಮೆಲ್ಲನೆ ಬಲ ಇಳಿಯುತ್ತದೆ, ಟ್ಯಾಂಕು ತುಂಬ ಇದ್ದರೂ ಹಾಗೇ ಎಂದಾದರೆ ಟ್ಯಾಂಕಿನ ಮುಚ್ಚಳ ನೋಡಿ. ಡೀಸೆಲ್ ಖಾಲಿಯಾದಷ್ಟು ಜಾಗಕ್ಕೆ ಗಾಳಿ ಹೋಗಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಸಣ್ಣ ಕಂಡಿಯೋ ಟ್ಯಾಂಕಿಗೆ ಬೇರೆ ಗಾಳಿ ಕೊಳವೆಯೋ ಇರುತ್ತದೆ. ಶೆಡ್ಡಿನಲ್ಲಿ ನಿಂತ ಗಾಡಿಯ ಇಂಥ ಕೊಳವೆ ಕಂಡರೆ ಕುಂಬಾರ ಹುಳುವಿಗೆ ಬಹಳ ಪ್ರೀತಿ. ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಸಂಸಾರ ಹೂಡುತ್ತದೆ. ಸೋತ ಕೂಡಲೇ ನಿಲ್ಲಿಸಿ ಮುಚ್ಚಳ ಸಡಿಲಿಸಿ. 'ಹುಸ್' ಅಂತ ಗಾಳಿ ಒಳಗೆ ಎಳೆದು ಗಾಡಿ ಚುರುಕಾದರೆ ಔಷಧ ಒಂದು ಕಡ್ಡಿ ಮಾತ್ರ.

ಇದ್ದಕ್ಕಿದ್ದಂತೆ ಸೋಲುತ್ತದೆ, ನಿಲ್ಲಿಸಿ ಐದು ಹತ್ತು ನಿಮಿಷ ಬಿಟ್ಟರೆ ಏನೂ ಮಾಡದೆ ಸರಿಯಾಗುತ್ತದೆ. ಇದು ನಮ್ಮ ನೆರೆಯವರ ಜೀಪಿನ ಲಕ್ಷಣ. ಅವರ ಡ್ರೈವರ್ ಎರಡು ವಾರ ಬರೆದಿಟ್ಟ ಚೀಟಿಯನ್ನು ಪಂಪಿನ ಮೆಕ್ಯಾನಿಕರೊಬ್ಬರಿಗೆ ತೋರಿಸಿದ್ದೇ ತಡ, ಅವರು ಬಾನೆಟ್ ಎತ್ತಲೇ ಇಲ್ಲ. "ಅಣ್ಣ, ಪಂಪು ಮುಟ್ಟುವುದು ಬೇಡ. ಟ್ಯಾಂಕು ಇಳಿಸುವ" ಅಂದರು. ಟ್ಯಾಂಕಿನೊಳಗಿಂದ ಬಂದದ್ದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ತೆಳು ಹಾಳೆ. ಆಯಿಲ್ ಕ್ಯಾನಿನ ಬಾಯಿಗೆ ಅಂಟಿಸಿರುತ್ತಾರಲ್ಲ, ಆ ಸೀಲು. ಕ್ಯಾನಿನಿಂದ ಡೀಸೆಲ್ ಸುರಿಯುವಾಗ ಯಾವತ್ತೋ ಒಳಗೆ ಬಿದ್ದದ್ದು. ಸಾಧಾರಣ ಓಟದಲ್ಲಿ ಅದು ಪಾಡಿಗೆ ಈಜಿಕೊಂಡಿತ್ತು. ಚಡಾವಿನಲ್ಲಿ ಹೀರುವಿಕೆ ಜೋರಾದಾಗ ಬಂದು ಜಾಳಿಗೆಗೆ ಅಂಟಿಕೊಳ್ಳುತ್ತಿತ್ತು. ಇಂಜಿನ್ ನಿಲ್ಲಿಸಿದರೆ ಹಿಡಿತ ಬಿಟ್ಟು ಕೆಳಗೆ ಬೀಳುತ್ತಿತ್ತು. ಪಂಪು ಎರಡು ಸಲ ಪೇಟೆ ನೋಡಿ ಬಂದದ್ದು ಇದಕ್ಕಾಗಿ!

ಬರೇ ಲಕ್ಷಣದ ಮೇಲೆ ನಂಬಿಕೆ ಸಾಲದಿದ್ದರೆ ಎರಡು ಪರೀಕ್ಷೆ ಇವೆ. ಇವು ಹಳೆ ಕಾಲದ, ಕಂಪ್ಯೂಟರ್ ಇಲ್ಲದ ಡೀಸೆಲ್ ಇಂಜಿನ್ನಿಗೆ ಮಾತ್ರ.

ಇಂಜೆಕ್ಷನ್ ಪಂಪಿಗೆ ಡೀಸೆಲ್ ಹೋಗುವ ಪೈಪಿನ ನಡುವೆ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿ. ಮೇಸ್ತ್ರಿಗಳು ಮಟ್ಟ ನೋಡುವ ಲೆವೆಲ್ ಪೈಪು ಅಳತೆಗೆ ಸರಿಯಾದದ್ದು ಸಿಕ್ಕಿದರೆ ಅದೂ ಆಗುತ್ತದೆ. ಎರಡೂ ತುದಿಗೆ ಕ್ಲಿಪ್ ಬಿಗಿಯಾಗಿರಲಿ, ಇಲ್ಲವಾದರೆ ನೀವೇ ಹೊಸ ಲೀಕ್ ಮಾಡಿದ ಹಾಗೆ. ಗಾಳಿ ತೆಗೆದು, ಸ್ಟಾರ್ಟ್ ಮಾಡಿ ಐದು ನಿಮಿಷ ಓಡಲಿ. ಮೊದಲು ಕೆಲವು ಗುಳ್ಳೆ ಹೋಗುವುದು ಸಹಜ. ಆಮೇಲೂ ಸರಮಾಲೆಯಾಗಿ ಗುಳ್ಳೆ ಬರುತ್ತಿದ್ದರೆ ಹಿಂದೆ ಎಲ್ಲೋ ಗಾಳಿ ಎಳೆಯುತ್ತಿದೆ. ಪೈಪಿನ ಕೀಲುಗಳಿಗೆ ಒಂದೊಂದಾಗಿ ಗ್ರೀಸ್ ಬಳಿಯುತ್ತಾ ಬನ್ನಿ. ಯಾವ ಕೀಲಿಗೆ ಬಳಿದಾಗ ಗುಳ್ಳೆ ನಿಂತಿತೋ ಅದೇ ಕಳ್ಳ. ಹೆಚ್ಚಾಗಿ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಇರುತ್ತದೆ, ಒಮ್ಮೆ ಬಿಗಿ ಮಾಡಿ ಗಟ್ಟಿಯಾದ ಹಳೇ ವಾಷರನ್ನೇ ಮತ್ತೆ ಹಾಕಿದ್ದು. ಹೊಸತು ಹಾಕುವುದೇ ಸರಿ. ಪರೀಕ್ಷೆ ಮುಗಿದ ಮೇಲೆ ಲೆವೆಲ್ ಪೈಪನ್ನು ಅಲ್ಲಿ ಬಿಡಬೇಡಿ, ಡೀಸೆಲಿಗೆ ಅದು ಗಟ್ಟಿಯಾಗಿ ಬಿರಿಯುತ್ತದೆ.

ಇನ್ನೊಂದು, ಟ್ಯಾಂಕನ್ನೇ ಬಿಟ್ಟು ಓಡಿಸಿ ನೋಡುವುದು. ಐದು ಲೀಟರಿನ ಶುಭ್ರ ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ, ಇಂಜಿನ್ನಿಗಿಂತ ಎತ್ತರದಲ್ಲಿ, ಸೈಲೆನ್ಸರ್ ಪೈಪಿನಿಂದ ದೂರ, ಅಲುಗದ ಹಾಗೆ ಕಟ್ಟಬೇಕು. ಫೀಡ್ ಪಂಪಿಗೆ ಅಲ್ಲಿಂದಲೇ ಪೈಪು. ಹಿಂದಕ್ಕೆ ಬರುವ ರಿಟರ್ನ್ ಪೈಪೂ ಅದೇ ಕ್ಯಾನಿಗೆ. ಈಗ ಅದೇ ಚಡಾವು ಹತ್ತಿ. ಸಲೀಸಾಗಿ ಹತ್ತಿದರೆ ಪಂಪು, ನೋಜಲು ಎರಡೂ ನಿರಪರಾಧಿ. ದೋಷ ಟ್ಯಾಂಕಿನಿಂದ ಫೀಡ್ ಪಂಪಿನ ನಡುವೆ. ಈಗಲೂ ಸೋತರೆ ಟ್ಯಾಂಕು ಬಿಚ್ಚುವ ಶ್ರಮ ಉಳಿಯಿತು. ಇದನ್ನು ಮೆಕ್ಯಾನಿಕರ ಎದುರೇ ಮಾಡುವುದು ಒಳ್ಳೆಯದು. ಪೆಟ್ರೋಲ್ ಗಾಡಿಯಲ್ಲಿ ಖಂಡಿತ ಬೇಡ, ಬೆಂಕಿ ಹಿಡಿದೀತು.

ಫಿಲ್ಟರ್ ಕಟ್ಟಿದರೂ ಚಡಾವಿನಲ್ಲಿ ಬಲ ಇಳಿಯುತ್ತದೆ. ಆದರೆ ಅದು ದಿನದಿಂದ ದಿನಕ್ಕೆ ಹೆಚ್ಚುತ್ತಾ ಹೋಗುವ ರೋಗ, ಬಂದು ಹೋಗುವುದಲ್ಲ. ಹೊಸ ಫಿಲ್ಟರ್ ಹಾಕಿದ ತಿಂಗಳೊಳಗೆ ಮತ್ತೆ ಕಟ್ಟಿದರೆ ಫಿಲ್ಟರನ್ನು ಬೈಯಬೇಡಿ, ಟ್ಯಾಂಕಿನ ತಳ ನೋಡಿ.

ಹಾಗಾದರೆ ಪಂಪು ಕೆಡುವುದೇ ಇಲ್ಲವೋ? ಕೆಡುತ್ತದೆ, ಅದಕ್ಕೆ ಅದರದ್ದೇ ಲಕ್ಷಣ ಇದೆ. ಒಳಗಿನ ಪ್ಲಂಜರ್ ಸವೆದ ಪಂಪು ಬೆಳಿಗ್ಗೆ ತಣ್ಣಗಿರುವಾಗ ಚೆನ್ನಾಗಿರುತ್ತದೆ. ಬಿಸಿಯಾದಾಗ ಡೀಸೆಲ್ ತೆಳ್ಳಗಾಗಿ ಸವೆದ ಸಂದಿನಿಂದ ಜಾರುತ್ತದೆ. ಬಿಸಿಯಲ್ಲಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಬಹಳ ಸತಾಯಿಸುತ್ತದೆ, ತಣಿದ ಮೇಲೆ ಹೊಡೆಯುತ್ತದೆ. ನಿಲ್ಲಿಸಿದ ಇಂಜಿನ್ನಿನ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ತಣಿಸಿದಾಗ ಸ್ಟಾರ್ಟ್ ಆದರೆ ಸಂಶಯ ಗಟ್ಟಿ. ಓಡುತ್ತಿರುವ ಬಿಸಿ ಪಂಪಿಗೆ ತಣ್ಣೀರು ಸುರಿಯುವ ಸಾಹಸ ಬೇಡ, ಕಚ್ಚಿಕೊಂಡೀತು. ರೋಟರಿ ಪಂಪಾದರೆ ಅದರ ಮೇಲೆ ಡೀಸೆಲ್ ನಿಲ್ಲಿಸುವ ಸೊಲೆನಾಯ್ಡ್ ಒಂದಿದೆ. ಅದಕ್ಕೆ ಬರುವ ಒಂದೇ ವಯರ್ ಸಡಿಲಾದರೂ ಗುಂಡಿಯಲ್ಲಿ ಕುಲುಕಿದಾಗಲೆಲ್ಲ ಇಂಜಿನ್ ಸೊರಗುತ್ತದೆ. ಕೀ ತಿರುಗಿಸಿದಾಗ ಪಂಪಿನ ಹತ್ತಿರ 'ಟಿಕ್' ಅಂತ ಸ್ಪಷ್ಟವಾಗಿ ಕೇಳಬೇಕು.

ಕಪ್ಪು ಹೊಗೆಯೊಂದಿಗೆ ಸೋತರೆ

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲಿಕ್ಕೆ ಎಷ್ಟು ಗಾಳಿ ಬೇಕು ಗೊತ್ತುಂಟೋ? ಕಡಿಮೆಯೆಂದರೂ ಹನ್ನೆರಡು ಕಿಲೋ, ಅಂದರೆ ಸುಮಾರು 10,000 ಲೀಟರ್. ಗಾಳಿ ಎಂದರೆ ಪುಕ್ಕಟೆ ಸಿಗುವ ಸಾಮಾನು ಎಂದು ನಾವು ಅದರ ದಾರಿ ನೋಡುವುದೇ ಇಲ್ಲ. ಏರ್ ಕ್ಲೀನರ್ ತೊಳೆಯುವುದು ಎಲ್ಲರಿಗೂ ಗೊತ್ತು. ಬಂದು ಹೋಗುವ ರೋಗ ಅಡಗಿರುವುದು ಅಲ್ಲಿಂದ ಮುಂದಿನ ರಬ್ಬರ್ ಹೋಸಿನಲ್ಲಿ. ಹಳತಾಗಿ ಮೆತ್ತಗಾದ ಹೋಸು ನಿಂತಲ್ಲಿ ದುಂಡಗೆ ಇರುತ್ತದೆ. ಪೂರ್ತಿ ವೇಗದಲ್ಲಿ ಹೀರಿದಾಗ ಎಳನೀರು ಹೀರುವ ಕಾಗದದ ನಳಿಗೆಯ ಹಾಗೆ ಚಪ್ಪಟೆಯಾಗುತ್ತದೆ. ಕೆಲವದರ ಒಳಪದರ ಮಾತ್ರ ಕಳಚಿ ನಾಲಿಗೆಯಂತೆ ಅಡ್ಡ ಬರುತ್ತದೆ, ಹೊರಗೆ ಎಂಥದೂ ಕಾಣದು. ಬಿಚ್ಚಿ ಬೆರಳು ಹಾಕಿ ನೋಡಬೇಕು. ಹೊಗೆ ಹೊರಗೆ ಹೋಗುವ ದಾರಿಯಲ್ಲೂ ಇದೇ ಕತೆ. ಸೈಲೆನ್ಸರಿನೊಳಗಿನ ತಗಡು ಕಳಚಿದ್ದರೆ ಒಮ್ಮೆ ಮಲಗಿರುತ್ತದೆ, ಒಮ್ಮೆ ಎದ್ದು ಅಡ್ಡ ನಿಲ್ಲುತ್ತದೆ. ತಣ್ಣಗಿರುವಾಗ ಕೈಮುಷ್ಟಿಯಿಂದ ಬಡಿದರೆ ಗಲಗಲ ಎನ್ನುತ್ತದೆ.

ಟರ್ಬೊ ಇಲ್ಲದ ಜೀಪನ್ನು ಕರಾವಳಿಯಿಂದ ಶಿರಾಡಿ ಘಾಟಿ ಹತ್ತಿಸಿ ಸಕಲೇಶಪುರಕ್ಕೆ ಒಯ್ದರೆ ಸುಮಾರು 900 ಮೀಟರ್ ಮೇಲೆ ಹೋದ ಹಾಗೆ. ಅಲ್ಲಿ ಗಾಳಿಯೇ ತೆಳು. ಹತ್ತಿರ ಹತ್ತಿರ ಹತ್ತರಲ್ಲಿ ಒಂದು ಪಾಲು ಬಲ ಇಳಿಯುವುದು ಸ್ವಭಾವ, ರೋಗ ಅಲ್ಲ. ಅದಕ್ಕೆ ಔಷಧ ಹುಡುಕಬೇಡಿ.

ಟರ್ಬೊ ಇರುವ ಪಿಕಪ್ಪುಗಳಲ್ಲಿ ಗಾಳಿಯ ದಾರಿ ಇನ್ನೂ ಉದ್ದ. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ. ಈ ಹೋಸುಗಳಲ್ಲಿ ಒತ್ತಡ ಬರುವುದು ಹೇರು ಎಳೆಯುವಾಗ ಮಾತ್ರ. ಅಡಿಭಾಗದ ಸಣ್ಣ ಸೀಳು ಆಗ ಮಾತ್ರ ಬಾಯಿ ಬಿಡುತ್ತದೆ. ಹೋಸಿನ ಹೊರಗೆ ಒಂದು ಜಾಗದಲ್ಲಿ ಮಾತ್ರ ಎಣ್ಣೆ ಮೆತ್ತಿದ ಧೂಳು ಕಂಡರೆ ಅಲ್ಲಿ ಹಿಸುಕಿ ನೋಡಿ. ಚಡಾವಿನಲ್ಲಿ 'ಸುಯ್' ಎಂಬ ಹೊಸ ಸದ್ದು ಕೇಳಿದರೂ ಅದೇ.

ಕೀ ತೆಗೆದು ಹಾಕಿದರೆ ಸರಿಯಾಗುವ ಗಾಡಿ

ಹೊಸ ಕಾಮನ್ ರೈಲ್ ಗಾಡಿಗಳ ಮಾತು ಸ್ವಲ್ಪ ಬೇರೆ. ಇವುಗಳ ರೈಲಿನಲ್ಲಿ ಡೀಸೆಲ್ ಒತ್ತಡ ಪೂರ್ತಿ ಹೇರಿನಲ್ಲಿ ಸಾವಿರ ಬಾರ್ ದಾಟುತ್ತದೆ. ಹಳೆ ಇಂಜಿನ್ನಿನಲ್ಲಿ ಒಂದೊಂದೇ ನೋಜಲಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ನೋಡುವ ಕ್ರಮ ಇತ್ತು. ಇಲ್ಲಿ ಹಾಗೆ ಮಾಡಲೇಬಾರದು. ಕೂದಲಿನಷ್ಟು ತೆಳು ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಬೆರಳು ಕೊಳೆಯುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು, ಡೀಸೆಲ್ ಹೊಕ್ಕಿದೆ ಎಂದು ಡಾಕ್ಟರಿಗೆ ಹೇಳಬೇಕು.

ಇಂಥ ಗಾಡಿ ಚಡಾವಿನಲ್ಲಿ ಒಮ್ಮೆಲೇ ಸೋತು, ಎಂಥ ಮಾಡಿದರೂ ನಿಧಾನವೇ ಹೋಗಿ, ನಿಲ್ಲಿಸಿ ಕೀ ತೆಗೆದು ಮತ್ತೆ ಹಾಕಿದಾಗ ಏನೂ ಆಗದಂತೆ ಓಡಿದರೆ ಅದು ಕಂಪ್ಯೂಟರಿನ ಕೆಲಸ. ರೈಲಿನ ಒತ್ತಡವೋ ಟರ್ಬೊದ ಒತ್ತಡವೋ ತಾನು ಕೇಳಿದಷ್ಟು ಬಾರದಿದ್ದರೆ, ಆಕ್ಸಿಲರೇಟರ್ ಪೆಡಲಿನ ಎರಡು ಸೆನ್ಸಾರ್ ಎರಡು ಬಗೆ ಹೇಳಿದರೆ, ಇಂಜಿನ್ ಹಾಳಾಗದಿರಲಿ ಎಂದು ಅದು ಬಲ ತಗ್ಗಿಸುತ್ತದೆ. ಮೆಕ್ಯಾನಿಕರು ಲಿಂಪ್ ಮೋಡ್ ಎನ್ನುವುದು ಇದಕ್ಕೆ. ಕಾರಣವನ್ನು ಅದು ಬರೆದೂ ಇಟ್ಟಿರುತ್ತದೆ. ಸ್ಟಿಯರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಇದೆ, ಸ್ಕ್ಯಾನರ್ ಚುಚ್ಚಿ ಓದಿಸಬಹುದು. ಓದಿಸುವ ಮೊದಲು ಬ್ಯಾಟರಿ ವಯರ್ ತೆಗೆಯಬೇಡಿ, ಬರೆದದ್ದು ಅಳಿಸಿ ಹೋಗುವುದುಂಟು.

ಕೋಡ್ ಓದಿದ ಮೇಲೂ ಎಚ್ಚರ ಬೇಕು. ಕೋಡ್ ಹೇಳುವುದು ದೂರು ಮಾತ್ರ, ಅಪರಾಧಿಯ ಹೆಸರಲ್ಲ. ಪಿ0299 ಎಂದರೆ ಟರ್ಬೊದ ಒತ್ತಡ ಸಾಲದು ಎಂದರ್ಥ. ಅದಕ್ಕೆ ಟರ್ಬೊವನ್ನೇ ಬದಲಿಸಬೇಕೆಂದಿಲ್ಲ. ಹೋಸಿನ ಕ್ಲಿಪ್ ಸಡಿಲಾದರೂ, ವ್ಯಾಕ್ಯೂಮಿನ ಸಣ್ಣ ಪೈಪು ಬಿರಿದರೂ ಅದೇ ಕೋಡ್. ಪಿ0087 ಎಂದರೆ ರೈಲಿನ ಒತ್ತಡ ಕಡಿಮೆ. ಹೈ ಪ್ರೆಶರ್ ಪಂಪು ಎಂದು ಹೆದರುವ ಮೊದಲು ಫಿಲ್ಟರ್ ಬದಲಿಸಿ, ಮೇಲೆ ಹೇಳಿದ ಟ್ಯಾಂಕಿನ ಕಡೆಯ ಕಾರಣಗಳನ್ನು ನೋಡಿಸಿ. ಸ್ಕ್ಯಾನರ್ ಹಾಕಿಕೊಂಡೇ ಚಡಾವು ಹತ್ತಿಸಿ, ಕೇಳಿದ ಒತ್ತಡ ಎಷ್ಟು, ಬಂದದ್ದೆಷ್ಟು ಎಂದು ರೆಕಾರ್ಡ್ ಮಾಡಲಿಕ್ಕೆ ಆಗುತ್ತದೆ. ಅಷ್ಟು ತಾಳ್ಮೆ ಇರುವ ಗ್ಯಾರೇಜು ಸಿಕ್ಕಿದರೆ ಬಿಡಬೇಡಿ.

ಇಲಿಯನ್ನು ಮರೆಯಬಾರದು. ಅಡಿಕೆ, ಭತ್ತ ಇಡುವ ಅಟ್ಟದ ಕೆಳಗೇ ಗಾಡಿ ನಿಲ್ಲಿಸುವವರು ನಾವು. ಅದು ವಯರನ್ನು ಪೂರ್ತಿ ತುಂಡು ಮಾಡಿದರೆ ಗಾಡಿ ಹೊರಡುವುದೇ ಇಲ್ಲ, ಬೇಗ ಗೊತ್ತಾಗುತ್ತದೆ. ಮೇಲಿನ ಹೊದಿಕೆ ಮಾತ್ರ ತಿಂದು ಎರಡು ಎಳೆ ಬಿಟ್ಟಿದ್ದರೆ ಮಳೆ ಬಂದ ದಿನ, ಕುಲುಕಿದ ದಿನ ಮಾತ್ರ ರೋಗ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲಿನ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಹಿಡಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಬಿಸಿಯಲ್ಲಿ ತಾನೇ ಸುಡಬೇಕು. ಡೈರಿಗೆ ಹಾಲು ಕೊಟ್ಟು ಬರುವ ಎರಡು ಕಿಲೋಮೀಟರಿನ ಓಟದಲ್ಲಿ ಅಷ್ಟು ಬಿಸಿ ಎಲ್ಲಿ ಬರಬೇಕು? ಮಸಿ ತುಂಬಿ ದೀಪ ಹತ್ತುತ್ತದೆ, ಆಮೇಲೆ ಬಲ ಇಳಿಯುತ್ತದೆ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಳ್ಳೆಯ ರಸ್ತೆಯಲ್ಲಿ ನಿಲ್ಲಿಸದೆ ಓಡಿಸಿ. ಮಸಿ ಸುಡುವ ಹೊತ್ತಿಗೆ ಒಣ ಹುಲ್ಲು, ತರಗೆಲೆಯ ಮೇಲೆ ಗಾಡಿ ನಿಲ್ಲಿಸಬೇಡಿ. ಬೇಸಿಗೆಯಲ್ಲಿ ಅಷ್ಟು ಸಾಕು ಗುಡ್ಡೆಗೆ ಬೆಂಕಿ ಬೀಳಲಿಕ್ಕೆ.

ಟ್ಯಾಂಕಿನ ಆರೈಕೆ

ಡೀಸೆಲ್ ತರುವ ಕ್ಯಾನನ್ನು ಬೇರೆ ಯಾವುದಕ್ಕೂ ಬಳಸಬಾರದು, ಅದರ ಬಾಯಿಯ ಸೀಲನ್ನು ಚೂರೂ ಉಳಿಯದಂತೆ ಕಿತ್ತು ತೆಗೆಯಬೇಕು. ಸುರಿಯುವಾಗ ಲಾಳಿಕೆಗೆ ಸಣ್ಣ ಕಣ್ಣಿನ ಜಾಳಿಗೆ ಇರಲಿ. ಬಟ್ಟೆ ಇಟ್ಟರೆ ನೂಲು ಬಿಡುತ್ತದೆ. ಮಳೆಗಾಲಕ್ಕೆ ಗಾಡಿ ಸುಮ್ಮನೆ ನಿಲ್ಲುವುದಾದರೆ ಟ್ಯಾಂಕು ತುಂಬಿಸಿ ನಿಲ್ಲಿಸಿ. ಖಾಲಿ ಜಾಗದ ತೇವ ಗಾಳಿ ರಾತ್ರಿ ತಣಿದು ನೀರಾಗಿ ತಳ ಸೇರುತ್ತದೆ, ಅಲ್ಲಿಂದಲೇ ತುಕ್ಕು. ಎರಡು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ, ಡೀಸೆಲ್ ಕಡಿಮೆ ಇರುವಾಗ ಟ್ಯಾಂಕು ಇಳಿಸಿ ಡೀಸೆಲಿನಲ್ಲೇ ತೊಳೆಯುವುದು ಒಳ್ಳೆಯದು. ನೀರು ಹಾಕಬೇಡಿ. ಬೆಸುಗೆಯ ಕೆಲಸ ಬಂದರೆ ತಿಳಿದವರಿಗೇ ಕೊಡಿ, ಖಾಲಿ ಟ್ಯಾಂಕು ಸಿಡಿಯುತ್ತದೆ.

ನೀರು ಬೇರೆ ಮಾಡುವ ಬಟ್ಟಲಿನ ಅಡಿಯ ತಿರುಪನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಸಡಿಲಿಸಿ. ನೀರು ಹೋಗಿ ಡೀಸೆಲ್ ಬರುವ ತನಕ ಬಿಡಿ. ತಿರುಪನ್ನು ಮತ್ತೆ ಕೈಯಲ್ಲೇ ಬಿಗಿ ಮಾಡಬೇಕು. ಸ್ಪಾನರ್ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಬಟ್ಟಲು ಕಣ್ಣಿಗೆ ಕಾಣದಷ್ಟು ಬಿರಿಯುತ್ತದೆ, ಅಲ್ಲಿಂದ ಗಾಳಿ ಎಳೆಯಲು ಶುರು.